ಮಗ್ಗಿಯ ಮೌಖಿಕ ಪರಂಪರೆ: ಜಮಖಂಡಿ-ಮುಧೋಳ ಸೀಮೆಯ ಗುಣಾಕಾರ ಕ್ರಮ

ಗುಣಾಕಾರವೆಂದರೆ ಮೂಲತಃ ಒಂದೇ ಸಂಖ್ಯೆಯನ್ನು ಮತ್ತೆ ಮತ್ತೆ ಕೂಡುವುದು. ಆ ಕೂಡುವಿಕೆಯ ಫಲವನ್ನು ನಾಲಗೆಯ ಮೇಲೆ ಉಳಿಸಿಕೊಳ್ಳಲು ರೂಪುಗೊಂಡ ಲಯಬದ್ಧ ಪಾಠವೇ ಮಗ್ಗಿ. ಬೀಸುವ ಪದ, ಹಂತಿ ಪದಗಳಿಗೆ ದೊರೆತಷ್ಟು ಗಮನ ಜಾನಪದ ಅಧ್ಯಯನದಲ್ಲಿ ಮಗ್ಗಿಗೆ ದೊರೆತಿಲ್ಲ.

ಕನ್ನಡ ನಾಡಿನಲ್ಲಿ ಗುಣಾಕಾರಕ್ಕೆ ಶಾಸ್ತ್ರಪರಂಪರೆಯೂ ಇದೆ. ರಾಷ್ಟ್ರಕೂಟ ಅಮೋಘವರ್ಷನ ಕಾಲದ ಮಹಾವೀರಾಚಾರ್ಯನು ಸಂಸ್ಕೃತ ‘ಗಣಿತಸಾರಸಂಗ್ರಹ’ದಲ್ಲಿ ಕವಾಟಸಂಧಿ ಮೊದಲಾದ ಕ್ರಮಗಳನ್ನು ಹೇಳಿದ್ದಾನೆ. 139ನ್ನು 109ರಿಂದ ಗುಣಿಸಿದಾಗ ಬರುವ 15151ರಂತಹ, ಎರಡು ಕಡೆಯಿಂದಲೂ ಒಂದೇ ಆಗಿ ಓದಿಸಿಕೊಳ್ಳುವ ಲಬ್ಧಗಳನ್ನು ಆತ ಕಂಠಾಭರಣಕ್ಕೆ ಹೋಲಿಸುತ್ತಾನೆ. 12ನೆಯ ಶತಮಾನದ ರಾಜಾದಿತ್ಯನು ‘ವ್ಯವಹಾರಗಣಿತ’ವನ್ನು ಕನ್ನಡದಲ್ಲಿಯೇ ರಚಿಸಿದನು.

ಗುಣಾಕಾರದ ಮುಖ್ಯ ಗುಣಗಳು ಮಗ್ಗಿಯಲ್ಲಿ ಹೆಸರಿಲ್ಲದೆ ನೆಲೆಸಿವೆ. ‘ಏಳೆಂಟಲೆ ಐವತ್ತಾರು’, ‘ಎಂಟೇಳಲೆ ಐವತ್ತಾರು’ ಎನ್ನುವಲ್ಲಿ ಸ್ಥಾನ ಬದಲಾದರೂ ಲಬ್ಧ ಬದಲಾಗದು. ಹತ್ತರವರೆಗಿನ ನೂರು ಸಾಲುಗಳಲ್ಲಿ ಭಿನ್ನವಾದ ಜೋಡಿಗಳು 55 ಮಾತ್ರ. ಆದರೂ ನೂರನ್ನೂ ಹೇಳಿಸುವುದು ವ್ಯರ್ಥವಲ್ಲ. ಯಾವ ಸಂಖ್ಯೆಯಿಂದ ಹೊರಟರೂ ಉತ್ತರ ತಡೆಯಿಲ್ಲದೆ ಒದಗಬೇಕೆಂಬುದೇ ಅದರ ಉದ್ದೇಶ.

ಪಟವರ್ಧನರ ಜಮಖಂಡಿ ಹಾಗೂ ಘೋರ್ಪಡೆಯವರ ಮುಧೋಳ 1948ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನಗೊಂಡ ಮರಾಠಾ ಸಂಸ್ಥಾನಗಳು. ಪಕ್ಕದ ಬೀಳಗಿ ಬ್ರಿಟಿಷರ ವಿಜಾಪುರ ಜಿಲ್ಲೆಗೆ ಸೇರಿತ್ತು. ಈ ಚರಿತ್ರೆಯ ಗುರುತು ಲೆಕ್ಕದ ಭಾಷೆಯಲ್ಲಿಯೂ ಉಳಿದಿದೆ. ಇಲ್ಲಿ ಪೂರ್ಣಸಂಖ್ಯೆಗಳು ಕನ್ನಡದವು. ಭಿನ್ನರಾಶಿಗೆ ಬಂದೊಡನೆ ಸವ್ವಾ, ದೀಡ, ಅಡೀಚ ಎಂಬ ಮರಾಠಿ ಮೂಲದ ಪದಗಳು ಕಾಲು, ಅರ್ಧ, ಮುಕ್ಕಾಲುಗಳೊಡನೆ ಬೆರೆಯುತ್ತವೆ. ಮರಾಠಿಯಲ್ಲಿ ಪಾವಕಿ, ನಿಮಕಿ, ದಿಡಕಿ, ಅಡೀಚಕಿ ಎಂದು ಇವಕ್ಕೆ ಪ್ರತ್ಯೇಕ ಮಗ್ಗಿಗಳೇ ಇವೆ.

ಈ ಮಗ್ಗಿಗಳ ಬಲ ವ್ಯವಹಾರದಲ್ಲಿ ಕಾಣುತ್ತದೆ. ರಬಕವಿ-ಬನಹಟ್ಟಿಯ ನೇಕಾರನು 24 ವಸ್ತುಗಳಿಗೆ ಸವ್ವಾ ರೂಪಾಯಿಯಂತೆ ಲೆಕ್ಕ ಹಾಕಬೇಕಾದರೆ 24ಕ್ಕೆ ಅದರ ಕಾಲುಭಾಗ 6ನ್ನು ಕೂಡಿ 30 ಎನ್ನಬಹುದು. ಬೆಲ್ಲದ ಪೇಟೆಯಲ್ಲಿ 18ರ ಅಡೀಚಪಟ್ಟು ಬೇಕಾದರೆ 36ಕ್ಕೆ 9 ಸೇರಿಸಿ 45. ಗುಣಕವನ್ನು ಒಡೆದು ಗುಣಿಸಿ ಕೂಡುವ ಈ ಕ್ರಮವೇ ಗಣಿತಶಾಸ್ತ್ರದ ವಿಭಾಜಕ ನಿಯಮ.

ರೂಪಾಯಿಗೆ 16 ಆಣೆ ಇದ್ದಾಗ ಕಾಲು, ಅರ್ಧ, ಮುಕ್ಕಾಲುಗಳು 4, 8, 12 ಆಣೆಗಳಾಗಿ ಕೈಗೆ ಸಿಗುತ್ತಿದ್ದವು. 1957ರ ಏಪ್ರಿಲ್ 1ರಂದು ದಶಮಾಂಶ ನಾಣ್ಯ ಬಂದಿತು. ಮೆಟ್ರಿಕ್ ತೂಕ-ಅಳತೆಗಳು ಅದನ್ನು ಹಿಂಬಾಲಿಸಿದವು. ಭಿನ್ನರಾಶಿಯ ಮಗ್ಗಿಗಳು ಆಸರೆ ಕಳೆದುಕೊಂಡವು. ದೀಡ, ಅಡೀಚ ಎಂಬ ಮಾತುಗಳು ಉಳಿದಿವೆ. ಅವುಗಳ ಸಾಲುಗಳನ್ನು ಪೂರ್ತಿ ಹೇಳಬಲ್ಲವರು ಹಿರಿಯರು. ಹಾಡುಗಳನ್ನು ಸಂಗ್ರಹಿಸಿದ ಶ್ರದ್ಧೆಯಿಂದಲೇ ಈ ಸಾಲುಗಳನ್ನೂ ಅವುಗಳ ಉಚ್ಚಾರ ಮತ್ತು ಲಯದೊಡನೆ ದಾಖಲಿಸುವುದು ಜಾನಪದ ವಿದ್ವಾಂಸರ ತುರ್ತು ಹೊಣೆಯಾಗಿದೆ.