ಕೋಟೆಗೋಡೆಯ ಆಚೆಗಿನ ರಣಭೂಮಿ

ವಿಜಯಪುರಕ್ಕೆ ಬಂದವರು ಗೋಳಗುಮ್ಮಟ ನೋಡುತ್ತಾರೆ, ಇಬ್ರಾಹಿಮ್ ರೋಜಾ ನೋಡುತ್ತಾರೆ, ಶೇರ್ಜಾ ಬುರುಜು ಹತ್ತಿ ಮಲಿಕ್-ಎ-ಮೈದಾನ್ ತೋಪಿನ ಪಕ್ಕ ಫೋಟೋ ತೆಗೆಸಿಕೊಳ್ಳುತ್ತಾರೆ. ಈ 55 ಟನ್ ಲೋಹವನ್ನು ಪಶ್ಚಿಮದ ಗೋಡೆಯ ಮೇಲೆ ಏಕೆ ಇಟ್ಟರು, ಎದುರಿನ ಬಯಲಲ್ಲಿ ಯಾರಿದ್ದರು ಎಂದು ಕೇಳುವವರು ಕಡಿಮೆ. ಆ ಬಯಲೇ ತೊರವಿ, ತಿಕೋಟಾ ಕಡೆಯ ನೆಲ. ನಾವು ಈಗ ಅದನ್ನು ಪ್ಲಾಟು ಮಾಡಿ ಮಾರುತ್ತಿದ್ದೇವೆ.

ಆದಿಲಶಾಹಿ ಕಾಲದ ಯುದ್ಧಗಳು ಗೋಡೆಯ ಒಳಗೆ ನಡೆದದ್ದಕ್ಕಿಂತ ಹೊರಗೆ ನಡೆದದ್ದೇ ಹೆಚ್ಚು. ಎರಡನೆಯ ಇಬ್ರಾಹಿಮ್ 1599ರಲ್ಲಿ ತೊರವಿಯ ಬಳಿ ಕಟ್ಟಲಾರಂಭಿಸಿದ ನವರಸಪುರವನ್ನು 1624ರಲ್ಲಿ ಮಲಿಕ್ ಅಂಬರನ ಸೈನ್ಯ ಸೂರೆಗೈದಿತು. 1665ರ ಕೊನೆಗೆ ಮೊಗಲರ ಪರವಾಗಿ ರಾಜಾ ಜಯಸಿಂಹ ಏರಿಬಂದ. ಶಿವಾಜಿಯೂ ಆಗ ಅವನ ಜೊತೆಗಿದ್ದ. ಎರಡನೆಯ ಅಲಿ ಆದಿಲಶಾಹ ಆಗ ಹಿಡಿದ ಆಯುಧ ತೋಪಲ್ಲ, ಬರ. ಶಹಾಪುರ, ನವರಸಪುರದ ಕೆರೆಗಳನ್ನು ಒಡೆಸಿದ, ಬಾವಿಗಳಿಗೆ ಮಣ್ಣು ತುಂಬಿಸಿದ, ಊರ ಸುತ್ತ ಸುಮಾರು ಹತ್ತು ಕಿಲೋಮೀಟರ್ ಗಿಡಮರ ಕಡಿಸಿದ. ತಿಕೋಟಾ ಇರುವಷ್ಟು ದೂರದಲ್ಲಿ, ಉತ್ತರ ದಿಕ್ಕಿನಲ್ಲಿ, ಜಯಸಿಂಹನ ದಂಡು ನಿಂತುಬಿಟ್ಟಿತು. ನೀರಿಲ್ಲ, ಮೇವಿಲ್ಲ. 1666ರ ಜನವರಿ ಮೊದಲ ವಾರದಲ್ಲೇ ಹಿಂದಿರುಗಿತು. ಗೆದ್ದದ್ದು ಯಾರೋ, ಬಾವಿ ಕಳೆದುಕೊಂಡದ್ದು ರೈತ.

ಕೊನೆಯ ಮುತ್ತಿಗೆ 1685ರ ಏಪ್ರಿಲ್‌ನಿಂದ 1686ರ ಸೆಪ್ಟೆಂಬರ್ 12ರವರೆಗೆ. ವಾಯವ್ಯದಲ್ಲಿ ಶಹಾಪುರ ದರ್ವಾಜೆಯ ಎದುರು ಕಂದಕ ತೋಡಿದರು. ದಕ್ಷಿಣದಲ್ಲಿ ಬೇಗಂ ತಲಾಬಿನ ಬಳಿ ಶಹಜಾದೆ ಆಜಮನ ಬಿಡಾರ. ಪಶ್ಚಿಮದ ರಸೂಲಪುರಕ್ಕೆ ಕಡೆಗೆ ಔರಂಗಜೇಬನೇ ಬಂದ. ಒಳಗೂ ಹಸಿವು, ಹೊರಗೂ ಹಸಿವು. ಸಿಕಂದರ ಆದಿಲಶಾಹ ಶರಣಾದ ಮೇಲೆ ಮಂಗೋಳಿ ದರ್ವಾಜೆಗೆ ಫತೇಹ್ ದರ್ವಾಜೆ ಎಂಬ ಹೆಸರು ಬಂತು. ಇಂದಿಗೂ ಅದೇ ಹೆಸರು. ಈ ಯುದ್ಧಗಳನ್ನು ಹಿಂದೂ-ಮುಸ್ಲಿಂ ಎಂದು ವಿಂಗಡಿಸಲು ಹೊರಟವರಿಗೆ ಈ ನೆಲ ಸಹಾಯ ಮಾಡುವುದಿಲ್ಲ. ಬಹುಶಃ ಅದಕ್ಕೇ ಇದಕ್ಕೆ ವಾರಸುದಾರರಿಲ್ಲ.

ಕಾನೂನು ಕಾಯುವುದು ಕಲ್ಲನ್ನು. 2010ರ ತಿದ್ದುಪಡಿಯ ಪ್ರಕಾರ ಕೇಂದ್ರ ಸಂರಕ್ಷಿತ ಸ್ಮಾರಕದಿಂದ 100 ಮೀಟರ್ ನಿಷೇಧಿತ, ಅದರಾಚೆ 200 ಮೀಟರ್ ನಿಯಂತ್ರಿತ ಪ್ರದೇಶ. ದಂಡಿನ ಬಿಡಾರ, ಹೂತ ಬಾವಿ, ಒಡೆದ ಕೆರೆಯ ಏರಿ ಈ ಅಳತೆಗೆ ಸಿಗುವುದಿಲ್ಲ. ಅವಕ್ಕೆ ದಾರಿ ಬೇರೆ: 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ ಮಹಾಯೋಜನೆ. ಯಾವುದು ವಸತಿ, ಯಾವುದು ಕೃಷಿ, ಯಾವುದು ಬಯಲು ಎಂದು ಅಲ್ಲಿ ಬಣ್ಣ ಹಚ್ಚುತ್ತಾರೆ; ಪಾರಂಪರಿಕ ಪ್ರದೇಶವನ್ನೂ ಗುರುತಿಸಬಹುದು. ಇಂಗ್ಲೆಂಡಿನಲ್ಲಿ 1995ರಲ್ಲಿ 43 ರಣಭೂಮಿಗಳ ಪಟ್ಟಿ ಮಾಡಿದರು. ಪಟ್ಟಿಗೆ ತಾನಾಗಿ ತಡೆಯುವ ಬಲವಿಲ್ಲ, ಆದರೆ ಕಟ್ಟಡಕ್ಕೆ ಪರವಾನಗಿ ಕೊಡುವ ಸ್ಥಳೀಯ ಸಂಸ್ಥೆ ಅದನ್ನು ಪರಿಗಣಿಸಲೇಬೇಕು. ನಮಗೂ ಅಷ್ಟು ಸಾಕಿತ್ತು.

ಹಾಗೆಂದು ಇಡೀ ಬಯಲಿಗೆ ಬೇಲಿ ಹಾಕಿ ಎನ್ನಲಾದೀತೆ? ತಿಕೋಟಾ, ಬಬಲೇಶ್ವರ ಈಗ ತಾಲೂಕು ಕೇಂದ್ರಗಳು. ದ್ರಾಕ್ಷಿ, ಒಣದ್ರಾಕ್ಷಿಯ ಸೀಮೆ. ತುಬಚಿ-ಬಬಲೇಶ್ವರ ಏತ ನೀರಾವರಿಯಿಂದ ಕೃಷ್ಣೆಯ ನೀರು ಹತ್ತಿದ ಹೊಲವನ್ನು ಇತಿಹಾಸದ ಹೆಸರಿನಲ್ಲಿ ಕಟ್ಟಿಹಾಕಿದರೆ ರೈತ ಇತಿಹಾಸವನ್ನೇ ಶಪಿಸಿಯಾನು. ಆದರೆ ಹೊಲ ಹೊಲವಾಗಿಯೇ ಉಳಿದರೆ ರಣಭೂಮಿಗೆ ಅಪಾಯವಿಲ್ಲ. ದ್ರಾಕ್ಷಿ ಬಳ್ಳಿಗಿಂತ ಎನ್.ಎ. ಆದೇಶದ ಬೇರು ಆಳ! ಕೃಷಿ ವಲಯವೆಂದು ಮಹಾಯೋಜನೆಯಲ್ಲಿ ಉಳಿಸುವುದು, ಹಳೆಯ ಕೆರೆಯಂಗಳ, ಬಾವಡಿ, ತೊರವಿಯಿಂದ ನಗರಕ್ಕೆ ನೀರು ತಂದ ಸುರಂಗದ ಜಾಡಿನ ಮೇಲೆ ಬಡಾವಣೆಗೆ ಒಪ್ಪಿಗೆ ಕೊಡದಿರುವುದು — ಇದರಲ್ಲಿ ಯಾವ ರೈತನ ಅನ್ನಕ್ಕೂ ಕಲ್ಲು ಬೀಳುವುದಿಲ್ಲ.

ಮೊದಲು ಬೇಕಾದದ್ದು ನಕಾಶೆ. ಎಲ್ಲಿ ಕಂದಕ, ಎಲ್ಲಿ ಬಿಡಾರ, ಎಲ್ಲಿ ಏರಿ ಎಂದು ಸರ್ವೆ ನಂಬರ್ ಸಹಿತ. ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯ ಇರುವುದು ತೊರವಿಯಲ್ಲೇ. ಅಲ್ಲಿನ ವಿದ್ಯಾರ್ಥಿನಿಯರು ಊರ ಹಿರಿಯರನ್ನು ಕೇಳುತ್ತ, ಹಳೆಯ ಉತಾರ ಹಿಡಿದು ಒಂದು ಬೇಸಿಗೆ ತಿರುಗಾಡಿದರೆ ಅಂಥ ನಕಾಶೆ ನಗರಾಭಿವೃದ್ಧಿ ಪ್ರಾಧಿಕಾರದ ಮೇಜಿಗೆ ತಲುಪೀತು.