ಲೋಹ ಕಾದಾಗ ಹುಟ್ಟುವ ವೋಲ್ಟೇಜ್: ಅಳೆಯುವುದು ಹೇಗೆ?

ಲೋಹದ ಸರಳಿನ ಒಂದು ತುದಿಯನ್ನು ಕಾಯಿಸಿ ಇನ್ನೊಂದನ್ನು ತಣ್ಣಗಿರಿಸಿದರೆ ಎರಡರ ನಡುವೆ ಅತ್ಯಲ್ಪ ವೋಲ್ಟೇಜ್ ಉಂಟಾಗುತ್ತದೆ. ಇದೇ ಸೀಬೆಕ್ ಪರಿಣಾಮ. 1821ರಲ್ಲಿ ಬರ್ಲಿನ್‌ನಲ್ಲಿ ಥಾಮಸ್ ಯೋಹಾನ್ ಸೀಬೆಕ್ ಅವರು ಎರಡು ಬೇರೆ ಬೇರೆ ಲೋಹಗಳನ್ನು ಜೋಡಿಸಿ ಒಂದು ಬೆಸುಗೆಯನ್ನು ಕಾಯಿಸಿದಾಗ ಪಕ್ಕದ ದಿಕ್ಸೂಚಿಯ ಮುಳ್ಳು ತಿರುಗಿತು. ಇದು ಕಾಂತತ್ವವೆಂದೇ ಅವರು ಭಾವಿಸಿದ್ದರು. ಹರಿಯುತ್ತಿರುವುದು ವಿದ್ಯುತ್ ಎಂದು ಗುರುತಿಸಿದವರು ಡೆನ್ಮಾರ್ಕಿನ ಹಾನ್ಸ್ ಕ್ರಿಶ್ಚಿಯನ್ ಓರ್‌ಸ್ಟೆಡ್.

ತಾಪಮಾನದ ಅಂತರದ ಪ್ರತಿ ಡಿಗ್ರಿಗೆ ದೊರೆಯುವ ವೋಲ್ಟೇಜನ್ನು ಸೀಬೆಕ್ ಗುಣಾಂಕ ಎನ್ನುತ್ತಾರೆ. ಕೋಣೆಯ ತಾಪಮಾನದಲ್ಲಿ ತಾಮ್ರಕ್ಕೆ ಇದು 2 ಮೈಕ್ರೋವೋಲ್ಟ್‌ಗಿಂತಲೂ ಕಡಿಮೆ. ಬಿಸ್ಮತ್ ಟೆಲ್ಯುರೈಡ್ ಎಂಬ ಅರೆವಾಹಕಕ್ಕೆ ಸುಮಾರು 200 ಮೈಕ್ರೋವೋಲ್ಟ್.

ಅಳೆಯುವ ವಿಧಾನ ನೋಡಲು ಸರಳ. ಮಾದರಿಯ ತುಂಡನ್ನು ಎರಡು ಲೋಹದ ದಿಮ್ಮಿಗಳ ನಡುವೆ ಇರಿಸಿ, ಒಂದನ್ನು ಹೀಟರ್‌ನಿಂದ ಕೆಲವೇ ಡಿಗ್ರಿ ಕಾಯಿಸಲಾಗುತ್ತದೆ. ಎರಡು ಬಿಂದುಗಳಲ್ಲಿ ತಾಪಮಾನವನ್ನೂ, ಅದೇ ಬಿಂದುಗಳ ನಡುವೆ ವೋಲ್ಟೇಜನ್ನೂ ದಾಖಲಿಸಬೇಕು. ಬಿಂದುಗಳು ಕೊಂಚ ಸರಿದರೂ ಲೆಕ್ಕ ತಪ್ಪುತ್ತದೆ.

ನಿಜವಾದ ತೊಡಕು ಮೀಟರಿನ ತಂತಿಯದು. ಆ ತಂತಿಯೂ ಬಿಸಿ ತುದಿಯಿಂದ ಹೊರಟು ಕೋಣೆಯ ತಾಪಮಾನಕ್ಕೆ ಬರುವುದರಿಂದ ಅದರಲ್ಲಿಯೂ ವೋಲ್ಟೇಜ್ ಹುಟ್ಟುತ್ತದೆ. ಹೀಗಾಗಿ ಮೀಟರ್ ತೋರಿಸುವುದು ಮಾದರಿ ಮತ್ತು ತಂತಿಗಳ ನಡುವಿನ ವ್ಯತ್ಯಾಸವನ್ನು ಮಾತ್ರ. ತಾಮ್ರವನ್ನು ಅದೇ ತಾಮ್ರದ ತಂತಿಯಿಂದ ಅಳೆದರೆ ಬರುವ ಉತ್ತರ ಸೊನ್ನೆ! ತಂತಿಯ ಸ್ವಂತ ಗುಣಾಂಕವನ್ನು ತಿಳಿದು ಕೂಡಿಸಿಕೊಳ್ಳಬೇಕು. ಅದನ್ನು ತಿಳಿಯಲು ಅತಿಶೀತದಲ್ಲಿ ಅತಿವಾಹಕಗಳು ನೆರವಾಗುತ್ತವೆ, ಏಕೆಂದರೆ ಅವುಗಳ ಸೀಬೆಕ್ ಗುಣಾಂಕ ಸೊನ್ನೆ. ಅರೆವಾಹಕಗಳಲ್ಲಿ ತಂತಿಯ ಪಾಲು ಅಲ್ಪ. ಲೋಹಗಳಲ್ಲಿ ಅದು ಮಾದರಿಯ ಪಾಲನ್ನೇ ಮೀರಬಹುದು.

ಜೋಡಣೆಗಳಲ್ಲಿ ನುಸುಳುವ ಅನಗತ್ಯ ವೋಲ್ಟೇಜ್ ಇನ್ನೊಂದು ಕಾಟ. ಇದಕ್ಕಾಗಿ ಒಂದೇ ಅಳತೆಯನ್ನು ನಂಬದೆ, ಹಲವು ತಾಪಮಾನದ ಅಂತರಗಳಲ್ಲಿ ವೋಲ್ಟೇಜ್ ಅಳೆದು ನಕ್ಷೆ ಎಳೆಯುತ್ತಾರೆ. ರೇಖೆಯ ಇಳಿಜಾರೇ ಗುಣಾಂಕ. ಬದಲಾಗದ ಅನಗತ್ಯ ವೋಲ್ಟೇಜ್ ಇಳಿಜಾರಿನಲ್ಲಿ ಸೇರುವುದಿಲ್ಲ.

ಇಷ್ಟು ಎಚ್ಚರ ಏಕೆ? ವಸ್ತುವೊಂದರಿಂದ ಪಡೆಯಬಹುದಾದ ವಿದ್ಯುತ್ತಿನ ಅಂದಾಜಿನಲ್ಲಿ ಗುಣಾಂಕದ ವರ್ಗ ಬರುತ್ತದೆ. ಗುಣಾಂಕ ಶೇ. 10ರಷ್ಟು ಹೆಚ್ಚಾಗಿ ದಾಖಲಾದರೆ ಅಂದಾಜು ಶೇ. 21ರಷ್ಟು ಉಬ್ಬುತ್ತದೆ. 1977ರಲ್ಲಿ ಉಡಾವಣೆಯಾದ ಎರಡೂ ವಾಯೇಜರ್ ನೌಕೆಗಳಿಗೆ ವಿದ್ಯುತ್ ಒದಗಿಸಿದ್ದು ಪ್ಲುಟೋನಿಯಂ-238ರ ಶಾಖದಿಂದ ಕಾಯುವ ಸಿಲಿಕಾನ್-ಜರ್ಮೇನಿಯಂ ಜೋಡಿಗಳೇ. ದೂರದ ನೌಕೆಯಲ್ಲಿ ಇಂತಹ ಲೆಕ್ಕ ತಪ್ಪಿದರೆ ತಿದ್ದಲು ಅವಕಾಶವಿಲ್ಲ.

ಅರೆವಾಹಕದ ಬಗೆಯನ್ನು ಮಾತ್ರ ತಿಳಿಯಬೇಕಿದ್ದರೆ ಇಷ್ಟು ಶ್ರಮ ಬೇಡ. ಬಿಸಿಯಾದ ಬೆಸುಗೆ ಕಡ್ಡಿಯ ತುದಿ ಮತ್ತು ಸಾಧಾರಣ ಮಲ್ಟಿಮೀಟರ್ ಸಾಕು: ಬಿಸಿ ತುದಿ ಧನಾತ್ಮಕವಾಗಿ ಕಂಡರೆ ವಸ್ತು ಎನ್-ಬಗೆಯದು, ಋಣಾತ್ಮಕವಾದರೆ ಪಿ-ಬಗೆಯದು.