ದವಡೆ ಕೊಳೆತ: ಬೆಂಕಿಕಡ್ಡಿಯಿಂದ ಔಷಧದವರೆಗೆ

ಹತ್ತೊಂಬತ್ತನೆಯ ಶತಮಾನದ ಯುರೋಪಿನಲ್ಲಿ ಬೆಂಕಿಕಡ್ಡಿಯ ತಲೆಗೆ ಬಿಳಿ ರಂಜಕ ಹಚ್ಚುತ್ತಿದ್ದರು. ಅದರ ಆವಿಯಲ್ಲೇ ದುಡಿಯುವವರಿಗೆ ಮೊದಲು ಹಲ್ಲುನೋವು ಬರುತ್ತಿತ್ತು. ಹಲ್ಲು ಕಿತ್ತ ಗುಳಿ ಮಾಯುತ್ತಿರಲಿಲ್ಲ. ವಸಡು ಬಾತು ಕೀವು ಸೋರಿ, ಸತ್ತ ಮೂಳೆ ಚೂರುಚೂರಾಗಿ ಹೊರಬರುತ್ತಿತ್ತು. ವಿಯೆನ್ನಾದ ವೈದ್ಯ ಲೊರಿನ್ಸರ್ 1845ರಲ್ಲೇ ಇದನ್ನು ವರದಿ ಮಾಡಿದ್ದ. ಅಪಾಯವಿಲ್ಲದ ಕೆಂಪು ರಂಜಕ ಕೆಲವೇ ವರ್ಷಗಳಲ್ಲಿ ಕೈಗೆ ಬಂದರೂ, ಬಿಳಿಯದು ಅಗ್ಗವೆಂದು ಮಾಲೀಕರು ಅದನ್ನೇ ಬಳಸಿದರು. ಅಷ್ಟು ಬಾಯಿಗಳ ನೋವಿಗೆ ಈ ಲೆಕ್ಕಾಚಾರವೇ ಹೊಣೆ. 1888ರಲ್ಲಿ ಲಂಡನ್ನಿನ ಬ್ರಯಂಟ್ ಅಂಡ್ ಮೇ ಬೆಂಕಿಕಡ್ಡಿ ಕಾರ್ಖಾನೆಯ ಹೆಣ್ಣುಮಕ್ಕಳು ಮುಷ್ಕರ ಹೂಡಿದರು. 1906ರ ಬರ್ನ್ ಒಪ್ಪಂದ ಬಿಳಿ ರಂಜಕದ ಕಡ್ಡಿಗಳನ್ನು ನಿಷೇಧಿಸಿತು. ರೋಗ ಮರೆಯಾಯಿತು.

ಸುಮಾರು ನೂರು ವರ್ಷಗಳ ಬಳಿಕ ಅದೇ ಚಿತ್ರ ಮರಳಿತು. ಮೂಳೆಸವೆತಕ್ಕೂ ಮೂಳೆಗೆ ಹಬ್ಬಿದ ಕ್ಯಾನ್ಸರಿಗೂ ಕೊಡುವ ಬಿಸ್ಫಾಸ್ಫೊನೇಟ್‌ಗಳು ರಂಜಕದ ಸಂಯುಕ್ತಗಳೇ. ಹಳೆಯ ಮೂಳೆಯನ್ನು ಕರಗಿಸುವ ಕೋಶಗಳನ್ನು ಅವು ತಡೆಯುತ್ತವೆ; ಮೂಳೆ ಗಟ್ಟಿಯಾಗುತ್ತದೆ, ಆದರೆ ಗಾಯವಾದಾಗ ದುರಸ್ತಿ ನಿಧಾನವಾಗುತ್ತದೆ. 2003ರಲ್ಲಿ ಮಯಾಮಿಯ ದವಡೆ ಶಸ್ತ್ರಚಿಕಿತ್ಸಕ ರಾಬರ್ಟ್ ಮಾರ್ಕ್ಸ್, ಈ ಔಷಧ ಪಡೆದು ದವಡೆ ಮೂಳೆ ಸತ್ತ 36 ರೋಗಿಗಳ ವರದಿ ಪ್ರಕಟಿಸಿದರು. ಮುಂದೆ ಮೂಳೆ ಕರಗುವುದನ್ನು ತಡೆಯುವ ಇನ್ನೊಂದು ಔಷಧ ಡೆನೊಸುಮ್ಯಾಬ್‌ನಿಂದಲೂ ಹೀಗಾಗುವುದು ಕಂಡದ್ದರಿಂದ, ಬಿಸ್ಫಾಸ್ಫೊನೇಟ್‌ಗೆ ಸೀಮಿತವಾಗಿದ್ದ ರೋಗದ ಹೆಸರನ್ನು 2014ರಲ್ಲಿ ಇತರ ಔಷಧಗಳಿಗೂ ವಿಸ್ತರಿಸಲಾಯಿತು.

ಇಂಥ ಔಷಧ ಪಡೆದವರ ಬಾಯಲ್ಲಿ ಮೂಳೆ ಬರಿದಾಗಿ ಕಾಣುವುದು, ಅಥವಾ ವಸಡಿನ ರಂಧ್ರಕ್ಕೆ ಇಳಿಸಿದ ಸಲಾಕೆಗೆ ಮೂಳೆ ತಾಗುವುದು ಎಂಟು ವಾರ ಮೀರಿಯೂ ಮುಂದುವರಿದರೆ, ದವಡೆಗೆ ವಿಕಿರಣ ಚಿಕಿತ್ಸೆಯಾಗಲಿ ಹಬ್ಬಿದ ಕ್ಯಾನ್ಸರಾಗಲಿ ಇಲ್ಲವೆಂದು ಖಚಿತವಾದ ಮೇಲೆ ರೋಗ ನಿರ್ಧಾರವಾಗುತ್ತದೆ. ಆರಂಭದಲ್ಲಿ ಕ್ಲೋರ್‌ಹೆಕ್ಸಿಡಿನ್‌ನಿಂದ ಬಾಯಿ ಮುಕ್ಕಳಿಸುವುದು, ಸೋಂಕಿದ್ದರೆ ಆ್ಯಂಟಿಬಯಾಟಿಕ್. ಸಡಿಲಗೊಂಡ ಸತ್ತ ಮೂಳೆಯನ್ನು ತೆಗೆಯುತ್ತಾರೆ, ರೋಗ ಆಳಕ್ಕಿಳಿದಿದ್ದರೆ ಶಸ್ತ್ರಚಿಕಿತ್ಸೆ. ಕೀಳಬೇಕಾದ ಹಲ್ಲನ್ನು ಔಷಧ ಶುರುವಾಗುವ ಮೊದಲೇ ಕೀಳಿಸುವುದು ಈಗಿನ ರೂಢಿ.